ನಮ್ಮವರ ಟೊಂಕ ಹಿಡಿದ ಹಂಗಾಮು

ಹೋದ ವಾರ ಮೊಮ್ಮಗನಿಗೆ ನೆಗಡಿಯಾಗಿತ್ತು. ಸೊಸೆ ಒಲೆಯ ಮೇಲೆ ಎಣ್ಣೆಯಿಟ್ಟು ಬಳ್ಳೊಳ್ಳಿ, ಅಜವಾನ ಹಾಕಿ ಕಾಯಿಸುತ್ತಿದ್ದಳು. ಪಡಸಾಲೆಯಲ್ಲಿ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, "ಆರಸ ಅದನ್ನ ಮೊದಲ!" ಎಂದು ಒದರಿಬಿಟ್ಟೆ. ಪಾಪ, ಹುಡುಗಿ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. "ಯಾಕ್ರಿ ಅತ್ತಿ, ಏನಾತ್ರಿ?" ಅಂದಳು. ಏನಂತ ಹೇಳುವುದು? ಎಣ್ಣೆಯದೇನು ತಪ್ಪು? "ಏನಿಲ್ಲ, ಕೂಸಿನ ಎದಿಗಿ ಹಚ್ಚ ಹೋಗು" ಅಂದೆ. ಆದರೆ ಅವತ್ತಿಡೀ ನನ್ನ ಸಿಟ್ಟು ಇಳಿಯಲಿಲ್ಲ.

ಆ ವಾಸನೆಯ ಬೆನ್ನಿಗೇ ನನಗೆ ನೆನಪಾಗುವುದು ತೊಂಬತ್ತರ ದಶಕ ಶುರುವಾದ ಹೊಸತರ ಒಂದು ಕಬ್ಬಿನ ಹಂಗಾಮು. ಆ ಹಂಗಾಮಿನಲ್ಲಿ ನಮ್ಮ ಜುಗೂಳದ ಮನೆಯಲ್ಲಿದ್ದ ಎಣ್ಣೆಯೆಲ್ಲ ನಮ್ಮ ಯಜಮಾನರ ಟೊಂಕಕ್ಕೆ ಹೋಯಿತು. ಊರಿನ ಬುದ್ಧಿವಾದವೆಲ್ಲ ಅವರ ಹಾಸಿಗೆಯ ಬುಡಕ್ಕೇ ಬಂತು. ಬರಬೇಕಾಗಿದ್ದ ಒಂದೇ ಒಂದು ಮಾತು ಮಾತ್ರ ಬರಲಿಲ್ಲ. ಅದು ಅವರ ಬಾಯೊಳಗೇ ಕೂತಿತ್ತು.

ಹಂಗಾಮು ಬಂತೆಂದರೆ ಕೃಷ್ಣಾ ದಂಡೆಯ ನಮ್ಮ ಊರುಗಳಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಹೊಳೆಯ ಮೇಲಿನ ಮಂಜು ಏಳುವ ಮೊದಲೇ ಮರಾಠವಾಡಾ ಕಡೆಯ ಕಬ್ಬು ಕಡಿಯುವ ಟೋಳಿಗಳು ಹೊಲಕ್ಕಿಳಿದಿರುತ್ತವೆ. ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಉಗಾರದ ಕಾರ್ಖಾನೆಯ ಕಡೆ ಹೊರಟಿರುತ್ತವೆ. ನಮ್ಮವರು, ಬಾಳಾಸಾಹೇಬ ಅಂತ ಅವರ ಹೆಸರು, ನಮ್ಮ ಟ್ರ್ಯಾಕ್ಟರನ್ನು ತಾವೇ ನಡೆಸುತ್ತಿದ್ದರು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ತನ್ನ ಟೊಂಕದ ಮೇಲೆ ಆ ಮನುಷ್ಯನಿಗೆ ಇದ್ದಷ್ಟು ಜಂಬ ಹೆಂಡತಿ ಮಕ್ಕಳ ಮೇಲೂ ಇರಲಿಲ್ಲ. ಕಬ್ಬಿನ ಹೊರೆಯನ್ನು ಇಬ್ಬರು ಹಿಡಿಯುವಲ್ಲಿ ತಾನೊಬ್ಬನೇ ಎತ್ತಬೇಕು, ನಾಲ್ಕು ಜನ ನೋಡಬೇಕು.

ಒಂದು ದಿನ ನೀರು ಹಾಯಿಸಿದ ಹೊಲದ ದಾರಿಯಲ್ಲಿ ಹಿಂದಿನ ಟ್ರಾಲಿಯ ಗಾಲಿ ಹುಗಿಯಿತು. ಇನ್ನೊಂದು ಟ್ರ್ಯಾಕ್ಟರ್ ಬರುವವರೆಗೆ ತಡೆಯಿರಿ ಅಂತ ಟೋಳಿಯವರು ಹೇಳಿದರಂತೆ. ತಡೆಯುವ ಜಾಯಮಾನ ಇದ್ದರಲ್ಲವೇ? ಟ್ರಾಲಿಯ ಕೆಳಗೆ ಬೆನ್ನು ಕೊಟ್ಟು ನೂಕಿದರು. ಟ್ರಾಲಿ ಎದ್ದಿತು. ಇವರು ಏಳಲಿಲ್ಲ. ಕಬ್ಬಿನ ರವದಿಯ, ಅಂದರೆ ಒಣಸೋಗೆಯ ಮೇಲೆ ತುಸು ಹೊತ್ತು ಮಲಗಿಸಿ, ಆಮೇಲೆ ಇಬ್ಬರು ಎತ್ತಿಕೊಂಡು ಬಂದು ಮನೆಯ ಪಡಸಾಲೆಯಲ್ಲಿ ಇಳಿಸಿದರು.

ಅಲ್ಲಿಂದ ಶುರುವಾಯಿತು ನೋಡಿ. ನಮ್ಮ ಅತ್ತೆ ಬಳ್ಳೊಳ್ಳಿ ಎಣ್ಣೆ ಕಾಯಿಸಿದರು. ಪಕ್ಕದ ಮನೆಯವರು ಇನ್ನೊಂದು ಎಣ್ಣೆ ತಂದರು. ತಿಕ್ಕುವವರು ಬಂದು ತಿಕ್ಕಿದರು, ಎಳೆಯುವವರು ಬಂದು ಕಾಲು ಹಿಡಿದು ಎಳೆದರು. ಆಮೇಲೆ ಒಬ್ಬ ಪಾಯಾಳುವನ್ನು ಕರೆಸಿದರು. ಪಾಯಾಳು ಅಂದರೆ ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವನು ಟೊಂಕಕ್ಕೆ ಒದ್ದರೆ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಆ ಧಡಿಯ ಬಂದು, ಚಹಾ ಕುಡಿದು, ನನ್ನ ಗಂಡನ ಬೆನ್ನಿಗೆ ಒದ್ದು ಹೋದ. ಒಂದು ಕಾಲಿನಲ್ಲಿದ್ದ ನೋವು ಅವತ್ತು ಸಂಜೆಯಿಂದ ಎರಡೂ ಕಾಲಿಗೆ ಇಳಿಯಿತು. "ನೋಡು, ನೋವು ಇಳ್ಯಾಕತ್ತೈತಿ" ಅಂತ ಅತ್ತೆ ಸಮಾಧಾನಪಟ್ಟರು. ನಾನು ಹಣೆ ಹಣೆ ಬಡಿದುಕೊಂಡೆ.

"ಡಾಕ್ಟರಿಗೆ ತೋರಸೂಣ್ರಿ" ಅಂದರೆ, "ಟೊಂಕ ನೋವಿಗೆ ಯಾವ ಡಾಕ್ಟರ್ ಬೇ? ನಾಕ ದಿನ ಮಲಗಿದ್ರ ಆತು" ಅನ್ನುವುದು. ಮಲಗುವುದೂ ಇಲ್ಲ. ಗೋಡೆ ಹಿಡಿದುಕೊಂಡು ಎದ್ದು ಅಂಗಳಕ್ಕೆ ಹೋಗಿ, ಯಾರ ಪಾಳಿ ಎಲ್ಲಿಗೆ ಬಂತು, ಕಾರ್ಖಾನೆಯ ಗೇಟಿನಲ್ಲಿ ಎಷ್ಟು ಗಾಡಿ ನಿಂತಿವೆ ಅಂತ ವಿಚಾರಿಸುವುದು.

ಮುಂದಿನದು ಇನ್ನೂ ತಮಾಷೆ. ನಗು ಬರದ ತಮಾಷೆ. ಅವರಿಗೆ ಏಕಿ, ಅಂದರೆ ಮೂತ್ರ, ಸರಿಯಾಗಿ ಆಗುತ್ತಿಲ್ಲವೆಂದು ಮೈದುನ ಶಂಕರನಿಗೆ ಹೇಗೋ ಗೊತ್ತಾಯಿತು. ಅವನು ಅಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡು ಹತ್ತಿರದ ಒಬ್ಬ ಡಾಕ್ಟರರ ಹತ್ತಿರ ಹೋದ. ನಾನೂ ಬರುತ್ತೇನೆ ಅಂದೆ. "ನೀವ್ಯಾಕ್ರಿ ವೈನಿ, ನಾವು ಗಂಡಸರು ಹೋಗಿ ಬರ್ತೀವಿ" ಅಂದ. ಹೋದರು ಗಂಡಸರು. ಟೊಂಕ ನೋವು, ಏಕಿ ಕಟ್ಟೈತಿ, ಇಷ್ಟೇ ಹೇಳಿದರಂತೆ. "ಮತ್ತೇನರೆ ತ್ರಾಸ ಐತೇನು?" ಅಂತ ಡಾಕ್ಟರ್ ಕೇಳಿದ್ದಕ್ಕೆ ನಮ್ಮವರು "ಏನೂ ಇಲ್ರಿ" ಅಂದರಂತೆ. ಅವರಾದರೂ ಏನು ಮಾಡಬೇಕು? ಮೂತ್ರದ ಹರಳು ಇರಬೇಕು ಅಂದರು, ನೀರು ಜಾಸ್ತಿ ಕುಡಿಯಿರಿ ಅಂದರು.

ಬಂತಲ್ಲ ಕುಡಿಸುವ ಹಂಗಾಮು! ಕೊಡಗಟ್ಟಲೆ ನೀರು, ಜವೆಗೋಧಿಯ ಗಂಜಿ, ಹುರುಳಿಯ ಕಟ್ಟು. ಹರಳಿಗೆ ಬೀರಿನಂಥ ಮದ್ದಿಲ್ಲ ಅಂತ ಶಂಕರ ಹಾಳೆಯಲ್ಲಿ ಸುತ್ತಿದ ಬಾಟಲಿ ತಂದ. ಮನೆಯೊಳಗೆ ತತ್ತಿಯನ್ನೂ ಬಿಟ್ಟುಕೊಳ್ಳದ ನಮ್ಮ ಅತ್ತೆ ತಮ್ಮ ಕೈಯಿಂದಲೇ ಅದನ್ನು ಗ್ಲಾಸಿಗೆ ಬಗ್ಗಿಸಿ, "ಔಷಧ ಅಂತ ಕುಡಿಯಪ್ಪಾ" ಅಂತ ಮಗನ ಬಾಯಿಗೆ ಹಿಡಿದರು. ಹೊರಗೆ ಹೋಗದೆ ನಿಂತ ನೀರಿನ ಮೇಲೆ ಇಷ್ಟೊಂದು ನೀರು. ಹೊಟ್ಟೆ ಕೆಳಗೆ ಗಟ್ಟಿಯಾಗಿ ಉಬ್ಬಿ ನಿಂತಿತು. ನೋವಿಲ್ಲ ಅನ್ನುತ್ತಿದ್ದರು. ಅದೇ ನನಗೆ ತಿಳಿಯದ ಸಂಗತಿ. ಅಷ್ಟು ಉಬ್ಬಿದ ಹೊಟ್ಟೆಗೆ ನೋವು ಹೇಗಿಲ್ಲ? ಹಾಸಿಗೆ ಮಾತ್ರ ಆಗಾಗ ಒದ್ದೆಯಾಗುತ್ತಿತ್ತು. ಕೇಳಿದರೆ, "ತಂಬಿಗಿ ಚೆಲ್ಲಿತು" ಅನ್ನುತ್ತಿದ್ದರು. ಯಾವ ತಂಬಿಗೆ ದಿನವೂ ಅದೇ ಜಾಗದಲ್ಲಿ ಚೆಲ್ಲುತ್ತದೆ?

ಆ ನಡುವೆ ಅತ್ತೆ ಇಟ್ಟಂಗಿ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಕಾವು ಕೊಡಲು ಶುರು ಮಾಡಿದ್ದರು. ಒಂದು ಮುಂಜಾನೆ ನಾನು ಅವರ ಧೋತರ ಬದಲಿಸಲು ಹೋದರೆ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಬಿಡಿಸಿ ನೋಡುತ್ತೇನೆ, ಕುಂಡಿಯ ಮೇಲೆ ಅಂಗೈಯಗಲದ ಬೊಬ್ಬೆ ಎದ್ದು ಒಡೆದಿದೆ. ಇಟ್ಟಂಗಿ ಜಾರಿ ಕೆಳಗೆ ಬಂದಿದೆ, ಮನುಷ್ಯ ಅದರ ಮೇಲೆಯೇ ಹಾಯಾಗಿ ಮಲಗಿದ್ದಾನೆ!

"ಉರಿಲಿಲ್ಲೇನ್ರಿ?" ಅಂದೆ.

"ಏನ ಉರಿಯೂದು?"

ಬಾಗಿಲು ಹಾಕಿದೆ. ಉಗುರಿನಿಂದ ಚಿವುಟಿದೆ. "ಇಲ್ಲಿ ಗೊತ್ತಾಕ್ಕೈತೇನು?"

"ಇಲ್ಲ."

"ಇಲ್ಲಿ? ತೊಡಿ ಒಳಗ?"

"ಇಲ್ಲ ಅಂದ್ನೆಲ್ಲಾ!" ಅಂತ ನನ್ನ ಮೇಲೆಯೇ ಹರಿಹಾಯ್ದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಸಣ್ಣ ದನಿಯಲ್ಲಿ ಹೇಳಿದರು. ಅಲ್ಲೆಲ್ಲ ಜೋಮು ಹಿಡಿದು ಎಷ್ಟೋ ದಿನವಾಗಿದೆ. ಏಕಿಗೆ ಹೋಗಬೇಕೆಂದು ಅನ್ನಿಸುವುದೇ ಇಲ್ಲ. ಹೋದದ್ದೂ ತಿಳಿಯುವುದಿಲ್ಲ. ಸಂಡಾಸವೂ ಕಟ್ಟಿದೆ. ತೊಳೆದುಕೊಂಡರೆ ಬೇರೆ ಯಾರದೋ ಮೈ ತೊಳೆದಂತಾಗುತ್ತದೆ.

"ಇದನ್ನ ಆ ಡಾಕ್ಟರ ಮುಂದ ಯಾಕ ಹೇಳಲಿಲ್ಲ? ನನ್ನ ಮುಂದರೆ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ ಸುಮಿತ್ರಾ? ಇಲ್ಲಿ ನೋಡಿದ್ರ ಅವ್ವ ಕುಂತಿರತಾಳ. ಅಲ್ಲಿ ನೋಡಿದ್ರ ಶಂಕ್ರ ನಿಂತಿದ್ದ, ಸೂಜಿ ಮಾಡೂ ಹುಡುಗಿ ನಿಂತಿದ್ಲು. ಕುಂಡಿ ಸತ್ತೈತಿ ಅಂತ ಮಂದ್ಯಾಗ ಹೆಂಗ ಹೇಳ್ಲಿ?"

ನನಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು. ಊರ ಮಂದಿಯ ಮುಂದೆ ಟ್ರಾಲಿ ಎತ್ತಲು ಬರುತ್ತದೆ, ಇಷ್ಟು ಮಾತು ಎತ್ತಲು ಬರುವುದಿಲ್ಲ. ಬಾಗಿಲು ತೆಗೆದು ಹೊರಗೆ ಬಂದೆ. "ಶಂಕರ, ಜೀಪ್ ತಗೀರಿ. ಮಿರಜಿಗೆ ಹೋಗೂಣು, ಈಗ" ಅಂದೆ. ಅತ್ತೆ ಅಡ್ಡ ಬಂದರು. "ಮಿರಜದಾಗ ಬೆನ್ನ ಕೊಯ್ತಾರ. ಟೊಂಕದ ಆಪರೇಶನ್ ಆದವರು ಮತ್ತ ಏಳೂದಿಲ್ಲ. ಅಮಾವಾಸ್ಯಿ ಮುಗೀಲಿ, ನಿಮ್ಮ ಮಾವ ಬರ್ಲಿ, ಕೇಳಿ ಮಾಡೂಣು" ಅಂದರು. ಮಾವ ಅಂದರೆ ಅತ್ತೆಯ ಅಣ್ಣ; ಅವರು ಬರುವವರೆಗೆ ನಮ್ಮ ಮನೆಯಲ್ಲಿ ಹಸುವಿನ ಹಗ್ಗವನ್ನೂ ಬದಲಿಸುವಂತಿಲ್ಲ. ನಾನು ಮಾತು ಬೆಳೆಸಲಿಲ್ಲ. ಮಕ್ಕಳಿಬ್ಬರನ್ನು ನೆರೆಮನೆಗೆ ಬಿಟ್ಟು, ಜೀಪಿನ ಹಿಂದಿನ ಸೀಟಿಗೆ ಕೌದಿ ಹಾಸಿ, "ಎತ್ರಿ ಅವರನ್ನ" ಅಂದೆ. ನನ್ನ ಮುಖ ನೋಡಿ ಶಂಕರ ಎತ್ತಿದ.

ಕಾಗವಾಡದ ತನಕ ಕಬ್ಬಿನ ಗಾಡಿಗಳ ಸಾಲು. ಮುಂದಿನ ಟ್ರ್ಯಾಕ್ಟರು ದಾರಿ ಬಿಡುವುದಿಲ್ಲ, ಹಿಂದಿನದು ಹಾರ್ನು ನಿಲ್ಲಿಸುವುದಿಲ್ಲ. ನಮ್ಮವರು ಮಲಗಿದಲ್ಲಿಂದಲೇ, "ಯಾರ ಗಾಡಿ ಅದು? ಎಷ್ಟ ಟನ್ ಹೇರ್ಯಾನ ನೋಡಲೇ ಶಂಕ್ರ" ಅಂದರು. ಅವತ್ತು ಅವರು ಉಳಿದದ್ದು ನನ್ನ ಕೈ ಅವರ ಬಾಯಿಗೆ ಎಟುಕದ ಕಾರಣಕ್ಕೆ.

ಮಿರಜದ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮರಾಠಿಯಲ್ಲೇ ಕೇಳಿದರು, ನಮ್ಮ ಕಡೆಯವರಿಗೆ ಅದೇನು ಪರಕೀಯವಲ್ಲ. ಏನಾಗುತ್ತದೆ ಅಂತ ಕೇಳಿದರೆ ನಮ್ಮವರು ಮತ್ತೆ, "ಟೊಂಕ ನೋವ್ರಿ, ಅಷ್ಟ" ಅಂದರು! ಶಂಕರ, "ಹರಳ ಐತಂತ್ರಿ" ಅಂತ ಸೇರಿಸಿದ. ನಾನು ಬಾಗಿಲ ಹತ್ತಿರ ನಿಂತವಳು ಮುಂದೆ ಬಂದೆ. ಸೆರಗು ಸರಿ ಮಾಡಿಕೊಂಡು ಎಲ್ಲ ಹೇಳಿದೆ. ಕುಂಡಿಯ ಜೋಮು, ಸುಟ್ಟ ಗಾಯ, ಒದ್ದೆ ಹಾಸಿಗೆ, ಎರಡೂ ಕಾಲಿನ ನೋವು, ಸಂಡಾಸ ಕಟ್ಟಿದ್ದು. ಶಂಕರ ನೆಲ ನೋಡುತ್ತ ನಿಂತ. ನಮ್ಮವರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ಮಾತ್ರ ನೆಟ್ಟಗೆ ಕೂತು, "ಜೋಮು ಯಾವಾಗಿನಿಂದ?" ಅಂದರು. ಹೇಳಿದೆ. ಅವರು ತಲೆ ಅಲ್ಲಾಡಿಸಿದ ರೀತಿ ನನಗೆ ಸರಿ ಕಾಣಲಿಲ್ಲ.

ಸೂಜಿಯ ಮೊನೆಯಿಂದ ಚುಚ್ಚಿ ಚುಚ್ಚಿ ನೋಡಿದರು, ಕೈಗವಸು ಹಾಕಿಕೊಂಡು ಒಳಗೂ ಪರೀಕ್ಷೆ ಮಾಡಿದರು. ಏಕಿಯ ದಾರಿಯಲ್ಲಿ ನಳಿಕೆ ಹಾಕಿಸಿದರು. ಡಬ್ಬಿ ತುಂಬಿತು, ನರ್ಸ್ ಬದಲಿಸಿದಳು, ಅದೂ ತುಂಬುತ್ತ ಬಂತು. ನಾವು ಕುಡಿಸಿದ ನೀರು, ಗಂಜಿ, ಬೀರು, ಎಲ್ಲ ಅಲ್ಲೇ ಇತ್ತು. ಬೆನ್ನಿನೊಳಗೆ ಔಷಧಿ ಬಿಟ್ಟು ಫೋಟೋ ತೆಗೆದರು. ಔಷಧಿ ಬಿಳಿ ಗೆರೆಯಾಗಿ ಬಂದು ಟೊಂಕದ ಹತ್ತಿರ ಗಕ್ಕನೆ ನಿಂತುಬಿಟ್ಟಿತ್ತು.

ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ತಿಳಿಸಿ ಹೇಳಿದರು. ಬೆನ್ನೆಲುಬಿನ ಒಂದೊಂದು ಮಣಿಯ ನಡುವೆ ಮೆತ್ತನೆಯ ಗಾದಿ ಇರುತ್ತದೆ. ಇವರದು ಭಾರಕ್ಕೆ ಒಡೆದು, ಒಳಗಿನ ತಿರುಳು ಹಿಂದಕ್ಕೆ ನುಗ್ಗಿದೆ. ಮೆದುಳಿನಿಂದ ಇಳಿದು ಬರುವ ನರದ ಹುರಿ ಟೊಂಕಕ್ಕಿಂತ ತುಸು ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಬಿಡಿ ಬಿಡಿಯಾಗಿ ಕುದುರೆಯ ಬಾಲದ ಹಾಗೆ ಜೋತಾಡುತ್ತಿರುತ್ತವೆ. ಕಾಲಿಗೆ ಹೋಗುವವು, ಏಕಿ ಸಂಡಾಸಕ್ಕೆ ಹೋಗುವವು, ಕುದುರೆ ಹತ್ತಿದರೆ ಜೀನು ತಾಗುವ ಜಾಗಕ್ಕೆ ಹೋಗುವವು, ಎಲ್ಲ ಅದರಲ್ಲೇ. ಆ ತಿರುಳು ಹೋಗಿ ಇಡೀ ಬಾಲವನ್ನೇ ಅಮುಕಿ ಹಿಡಿದಿದೆ.

ಶಂಕರನಿಗೆ ತಿಳಿಯಲಿಲ್ಲವೆಂದು ಕಂಡು ಇನ್ನೊಂದು ರೀತಿ ಹೇಳಿದರು. "ನೀರಿನ ಪೈಪಿನ ಮೇಲೆ ಟ್ರ್ಯಾಕ್ಟರಿನ ಗಾಲಿ ನಿಂತಿದೆ ಅಂತ ತಿಳಿ. ಗಾಲಿಯನ್ನು ನಾನು ತೆಗೆಯುತ್ತೇನೆ, ಇವತ್ತೇ ತೆಗೆಯುತ್ತೇನೆ. ಚಪ್ಪಟೆಯಾದ ಪೈಪು ಮತ್ತೆ ಉಬ್ಬುತ್ತದೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಜೋಮು ಹಿಡಿದು ಏಕಿ ಕಟ್ಟಿದ ದಿನವೇ, ಹೆಚ್ಚೆಂದರೆ ಮರುದಿನ ಬಂದಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ. ಟೊಂಕ ನೋವು ಎಲ್ಲರಿಗೂ ಬರುತ್ತದೆ, ಮಲಗಿದರೆ ಹೋಗುತ್ತದೆ. ಆದರೆ ಅದರ ಜೊತೆ ಇದು ಬಂದರೆ ಒಂದು ಗಳಿಗೆ ಕಾಯಬಾರದು."

ಸಹಿ ಹಾಕಲು ಶಂಕರನನ್ನು ಕರೆದರು. ಅವನು ಮಾವನಿಗೆ ಒಂದು ಫೋನ್ ಮಾಡಿ ಬರುತ್ತೇನೆ ಅಂತ ಎಸ್‌ಟಿಡಿ ಬೂತ್ ಹುಡುಕುತ್ತ ಹೊರಟ. ಅವನು ಬೀದಿ ದಾಟುವುದರೊಳಗೆ ನಾನು ಸಹಿ ಹಾಕಿದ್ದೆ.

ಆಪರೇಶನ್ ಆಗಿ ಎಚ್ಚರವಾದಾಗ ನಮ್ಮವರು ಮೊದಲು ಕೇಳಿದ್ದು, "ನೋವ ಎಲ್ಲಿ ಹೋತು?" ಅಂತ. ಕಾಲಿನೊಳಗೆ ಬೆಂಕಿ ಹಚ್ಚಿದ್ದ ಆ ನೋವು ನಿಜವಾಗಿಯೂ ಹೋಗಿತ್ತು. ಬಲಗಾಲು ಅಲುಗಿತು. ಎಡಗಾಲಿನ ಪಾದ ಮಾತ್ರ ಕೆಳಗೆ ಜೋತುಬಿದ್ದಿತ್ತು. ಅದಕ್ಕೆ ಪಟ್ಟಿ ಮಾಡಿಸಿ ಕೊಟ್ಟರು, ಎದ್ದು ನಿಲ್ಲಿಸಿದರು, ನಡೆಸಿದರು. ಕೆಳಗಿನ ಜೋಮು ಹಾಗೇ ಉಳಿಯಿತು. ಏಕಿಯೂ ತಾನಾಗಿ ಬರಲಿಲ್ಲ. ನರಗಳು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು, ವರ್ಷವೂ ಹಿಡಿಯಬಹುದು, ಅಲ್ಲಿಯವರೆಗೆ ದಿನಕ್ಕೆ ಕೆಲವು ಸಲ ಶುಚಿಯಾದ ನಳಿಕೆಯನ್ನು ತಾವೇ ಹಾಕಿಕೊಂಡು ಖಾಲಿ ಮಾಡಬೇಕು, ಇಲ್ಲದಿದ್ದರೆ ಮೂತ್ರಪಿಂಡ ಕೆಡುತ್ತದೆ ಅಂದರು. ನರ್ಸ್ ಅವರಿಗೂ ಕಲಿಸಿದಳು, ನನಗೂ ಕಲಿಸಿದಳು.

ಮನೆಗೆ ಬಂದೆವು. ಹಂಗಾಮು ಮುಗಿದು ಹೊಲಗಳೆಲ್ಲ ಬಯಲಾಗಿದ್ದವು. ನೋಡಲು ಬಂದವರು ಒಬ್ಬೊಬ್ಬರೂ ಚಹಾ ಕುಡಿದು, "ನಮ್ಮನ್ನ ಒಂದ ಮಾತ ಕೇಳಬೇಕಿತ್ತು" ಅಂದು ಹೋದರು. ನಮ್ಮವರು ನಳಿಕೆ ಮುಟ್ಟಲು ಒಪ್ಪಲಿಲ್ಲ. ನಾನೇ ಹಾಕಬೇಕು. ನಾನು ಹಿಟ್ಟು ನಾದುತ್ತಿರಲಿ, ಎಮ್ಮೆ ಹಿಂಡುತ್ತಿರಲಿ, ಕೈ ತೊಳೆದುಕೊಂಡು ಓಡಬೇಕು. ನರ್ಸ್ ಹೇಳಿದ್ದನ್ನು ನೆನಪಿಸಿದರೆ, "ಸಾಯ್ತೀನಿ, ಆದರ ನನ್ನ ಕೈಲೆ ಅದನ್ನ ಮಾಡೂದಿಲ್ಲ" ಅನ್ನುವುದು. ಬೇಸಿಗೆಯ ಒಂದು ಮಧ್ಯಾಹ್ನ ನನ್ನ ತಲೆ ಕೆಟ್ಟಿತು. ಕುದಿಸಿದ ನಳಿಕೆ, ಸಾಬೂನು, ಡಬ್ಬಿ ಎಲ್ಲ ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ. "ನಾ ಏಕಸಂಬಿಗೆ, ನಮ್ಮ ತವರಿಗೆ ಹೊಂಟೆ. ಮಕ್ಕಳೂ ನನ್ನ ಕೂಡ ಬರ್ತಾವ. ನೀವು ಸಾಯೂದಾದ್ರ ಸಾವಕಾಶ ಸಾಯ್ರಿ" ಅಂದೆ.

ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತೆ. ಬಸ್ಸು ಬರಬೇಕಲ್ಲ? ಬೇಡವಾದಾಗ ಒಂದರ ಹಿಂದೊಂದು ಬರುವ ಬಸ್ಸು ಅವತ್ತು ಬರಲೇ ಇಲ್ಲ. ಬಿಸಿಲಲ್ಲಿ ಮಕ್ಕಳು ರಂಪ ಮಾಡಿದವು. ಬಸ್ಸನ್ನು ಬೈಯುತ್ತ ಮನೆಗೆ ವಾಪಸು ಬಂದರೆ, ಡಬ್ಬಿ ತುಂಬಿತ್ತು, ನಳಿಕೆ ತೊಳೆದು ಒಣಗಿಸಿದ್ದರು. ಇವರು ಬೆವೆತು ಗೋಡೆಗೆ ಒರಗಿ ಕೂತಿದ್ದರು.

"ಆತ ಬಿಡು" ಅಂದರು. "ಹೋಗಲಿಲ್ಲೇನು?"

"ಬಸ್ ಬರ್ಲಿಲ್ಲ" ಅಂದೆ. ಒಳಗೆ ಹೋಗಿ ಒಲೆ ಹೊತ್ತಿಸಿ, ಹೊಗೆಯ ನೆಪದಲ್ಲಿ ಸಾಕಾಗುವಷ್ಟು ಅತ್ತುಬಿಟ್ಟೆ.

ಮುಂದೆ ಎಲ್ಲವೂ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಎಡಪಾದ ಇಂದಿಗೂ ನೆಲ ಸವರುತ್ತದೆ. ಸಂಡಾಸಕ್ಕೆ ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. ಗಂಡ ಹೆಂಡಿರ ನಡುವಿನ ಒಂದು ಸುಖ ಬಹಳ ದಿನ ದೂರವಾಗಿತ್ತು. ಆಮೇಲೆ ಅರ್ಧಂಬರ್ಧ ಮರಳಿತು. ಅದರ ಬಗ್ಗೆ ಕೇಳಲು ಡಾಕ್ಟರ ಹತ್ತಿರ ಹೋದವಳೂ ನಾನೇ. ಆದರೆ ಆ ಮಳೆಗಾಲದಲ್ಲಿ, ಹೊಳೆ ತುಂಬಿ ಹರಿಯುತ್ತಿದ್ದಾಗ, ಒಂದು ಮುಂಜಾನೆ ಬಚ್ಚಲಿನಿಂದ ದೊಡ್ಡ ದನಿಯಲ್ಲಿ ಕೂಗಿದರು. ಜಾರಿ ಬಿದ್ದರೆಂದು ಓಡಿದೆ. ತಂಬಿಗೆ ಹಿಡಿದುಕೊಂಡು ಕೂತಿದ್ದಾರೆ, ಕಣ್ಣಲ್ಲಿ ನೀರು.

"ತಣ್ಣಗ ಹತ್ತಾಕತ್ತೈತಿ" ಅಂದರು. "ನೀರ ತಣ್ಣಗ ಐತಿ, ಸುಮಿತ್ರಾ."

"ಅದಕ್ಕ ಹಿಂಗ ಒದರೂದೇನ್ರಿ? ನನ್ನ ಜೀವಾ ಹೋಗಿತ್ತು!" ಅಂತ ಬೈದೆ. ಬೈಯುತ್ತಲೇ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕುಸಿದು ಕೂತೆ. ಆಮೇಲಾಮೇಲೆ ಏಕಿಯೂ ಸ್ವಲ್ಪ ಸ್ವಲ್ಪವಾಗಿ ತಾನೇ ಬರತೊಡಗಿತು. ನಳಿಕೆ ಮುಂಜಾನೆ, ಸಂಜೆ ಎರಡೇ ಸಲಕ್ಕೆ ಇಳಿಯಿತು.

ಮುಂದಿನ ಹಂಗಾಮಿಗೆ ಟ್ರ್ಯಾಕ್ಟರಿಗೆ ಒಬ್ಬ ಹೊಸ ಡ್ರೈವರನನ್ನು ಇಟ್ಟುಕೊಂಡೆವು. ಗಣಪತಿ ಅಂತ, ನಾಚಿಕೆ ಸ್ವಭಾವದವನು, ಹೊಸದಾಗಿ ಮದುವೆಯಾಗಿದ್ದ. ಒಂದು ಸಂಜೆ ಅವನು ಟೊಂಕ ಹಿಡಿದುಕೊಂಡು ಅಂಗಳಕ್ಕೆ ಬಂದ. ಕಟ್ಟೆಯ ಮೇಲೆ ಟೋಳಿಯವರು, ನೆರೆಯವರು, ಅತ್ತೆ, ಎಲ್ಲ ಕೂತಿದ್ದರು. ನಮ್ಮವರು ಕೂತಲ್ಲಿಂದಲೇ ಊರಿಗೆಲ್ಲ ಕೇಳುವಂತೆ ಕೇಳಿದರು:

"ಲೇ ಗಣಪ್ಯಾ, ಉಚ್ಚಿ ಬರೋಬರಿ ಹೊಕ್ಕೈತೇನು? ಕುಂಡಿಗಿ ಜೋಮ ಹಿಡದೈತೇನು? ಎರಡೂ ಕಾಲ ನೋಯ್ತಾವೇನು?"

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಟೋಳಿಯ ಹೆಂಗಸರು ಕಿಸಕ್ಕೆಂದರು. ಗಣಪತಿ ನೆಲದೊಳಗೆ ಇಳಿದುಹೋಗುವವನಂತೆ ನಿಂತು, "ಇಲ್ರಿ ಸಾವ್ಕಾರ, ಅದೆಲ್ಲಾ ನೆಟ್ಟಗ ಐತ್ರಿ" ಅಂದ.

"ಹಂಗಾದ್ರ ಮನಿಗಿ ಹೋಗಿ ಮಲಕೊ. ಕಡಿಮಿ ಆಗೂತನ ಗಾಡಿ ಏರಬ್ಯಾಡ. ಆದರ ನಾ ಕೇಳಿದ್ರಾಗ ಒಂದರೆ ಶುರು ಆತಂದ್ರ ಆ ಕ್ಷಣಾ ಬಂದು ಹೇಳು, ಮಿರಜಿಗೆ ಒಯ್ತೀನಿ. ನಾಚಿಕಿ ಅಂತ ಮುಚ್ಚಿಟ್ಟಿ ಅಂದ್ರ ಒದೀತೀನಿ ನೋಡ ಮಗನ!"

ಊರಿಗೆಲ್ಲ ಕೇಳುವಂತೆ ಈಗ ಬಾಯಿ ಬಂತು ನೋಡಿ ಈ ಮನುಷ್ಯನಿಗೆ! ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ.

"ಯಾ ಕಾಲಲೆ ಒದೀತೀರಿ?" ಅಂದೆ.

ನಮ್ಮವರು ಪಟ್ಟಿ ಕಟ್ಟಿದ ತಮ್ಮ ಎಡಗಾಲನ್ನೊಮ್ಮೆ ನೋಡಿಕೊಂಡರು, ಬಲಗಾಲನ್ನೊಮ್ಮೆ ನೋಡಿಕೊಂಡರು.

"ಬಲಗಾಲಲೆ" ಅಂದರು. ಆಮೇಲೆ ಎಲ್ಲರಿಗಿಂತ ಮೊದಲು ತಾವೇ ನಕ್ಕರು.